ಒಬ್ಬನೇ ಒಡೆಯನ ಊರುಗಳು

ಭದ್ರಾವತಿಯೊಳಗೆ ಮೂರು ಊರುಗಳಿವೆ. ಭದ್ರಾ ನದಿಯ ಮಗ್ಗುಲಿಗೆ ಓಲ್ಡ್ ಟೌನ್. ಉಕ್ಕಿನ ಕಾರ್ಖಾನೆಯ ಸುತ್ತ ಬೆಳೆದ ನ್ಯೂ ಟೌನ್. ಕಾಗದ ಕಾರ್ಖಾನೆ ತನ್ನ ಕೆಲಸಗಾರರಿಗಾಗಿ ಕಟ್ಟಿಸಿದ ಪೇಪರ್ ಟೌನ್, ಅಂದರೆ ಕಾಗದನಗರ. ವಯಸ್ಸು ನೋಡಿದರೆ ಮೊದಲು ಪಾಳು ಬೀಳಬೇಕಾಗಿದ್ದದ್ದು ಓಲ್ಡ್ ಟೌನ್. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನ ಇರುವುದು ಅಲ್ಲಿಯೇ. ಭದ್ರಾವತಿ ಎಂಬ ಹೆಸರು ಬರುವ ಮೊದಲು, ಊರನ್ನು ಬೆಂಕಿಪುರ ಎಂದು ಕರೆಯುತ್ತಿದ್ದಾಗಲೂ ಅಲ್ಲಿ ದೀಪ ಉರಿಯುತ್ತಿತ್ತು. ಆದರೆ ಇವತ್ತು ಬೆಳಿಗ್ಗೆ ಹೋಗಿ ನೋಡಿದರೆ ಓಲ್ಡ್ ಟೌನಿನಲ್ಲಿ ಅಂಗಡಿಯ ಬಾಗಿಲು ತೆಗೆಯುವ ಸದ್ದು, ಹೂವಿನವರ ಕೂಗು, ಆಟೋಗಳ ಗಲಾಟೆ. ಪಾಳು ಬಿದ್ದಿರುವುದು ಎಲ್ಲಕ್ಕಿಂತ ಹೊಸದಾದ ಕಾಗದನಗರದಲ್ಲಿ. ಬೀಗ ಜಡಿದ ಕ್ವಾರ್ಟರ್ಸ್‌ಗಳು, ಲಂಟಾನ ನುಗ್ಗಿದ ಅಂಗಳಗಳು, ಕಿಟಕಿ ಕಳೆದುಕೊಂಡ ಗೋಡೆಗಳು.

ಹೀಗೆ ಜನ ಬಿಟ್ಟು ಹೋದ ಊರುಗಳನ್ನು ಹುಡುಕಿಕೊಂಡು, ಅಡುಗೆಮನೆ–ಹಾಸಿಗೆ ಎರಡನ್ನೂ ಹೊತ್ತ ವಾಹನದಲ್ಲಿ ತಿರುಗುವುದು ಅಮೆರಿಕದಲ್ಲಿ ದೊಡ್ಡ ಹವ್ಯಾಸ. ಕ್ಯಾಲಿಫೋರ್ನಿಯಾದ ಬೋಡಿ ಎಂಬ ಊರು ಅವರಿಗೆಲ್ಲ ತವರಿದ್ದಂತೆ. ಚಿನ್ನ ಸಿಕ್ಕಾಗ 1880ರ ಸುಮಾರಿಗೆ ಸಾವಿರಾರು ಜನ ತುಂಬಿದ್ದ ಊರು, ಚಿನ್ನ ಮುಗಿಯುತ್ತಿದ್ದಂತೆ ಖಾಲಿಯಾಯಿತು. 1962ರಲ್ಲಿ ಆ ರಾಜ್ಯ ಅದನ್ನು ಐತಿಹಾಸಿಕ ಉದ್ಯಾನವಾಗಿ ವಹಿಸಿಕೊಂಡಿತು. ಅಲ್ಲಿನ ಮನೆಗಳನ್ನು ಹೊಸದಾಗಿ ಮಾಡುವುದಿಲ್ಲ, ಬೀಳಲೂ ಬಿಡುವುದಿಲ್ಲ. ಮೇಜಿನ ಮೇಲೆ ಬಿಟ್ಟುಹೋದ ಸಾಮಾನು ಹಾಗೆಯೇ ಇದೆ.

ಕರ್ನಾಟಕಕ್ಕೆ ಕ್ಯಾರವಾನ್ ಹೊಸತು. 2020–26ರ ಪ್ರವಾಸೋದ್ಯಮ ನೀತಿಯಲ್ಲಿ ಕ್ಯಾರವಾನ್ ಪ್ರವಾಸಕ್ಕೂ ಜಾಗ ಸಿಕ್ಕಿತು. 2021ರಲ್ಲಿ ಪಕ್ಕದ ಕೇರಳ ‘ಕೇರವಾನ್’ ಹೆಸರಿನಲ್ಲಿ ತನ್ನದೇ ಯೋಜನೆ ಹೊರಡಿಸಿತು. ಟೆಂಪೊ ಟ್ರಾವೆಲರ್‌ನ ಒಳಗೆ ಮಂಚ, ಒಲೆ, ನೀರಿನ ಟ್ಯಾಂಕು, ಪುಟ್ಟ ಶೌಚಾಲಯ ಕೂರಿಸಿಕೊಂಡು ಬೆಂಗಳೂರಿನಿಂದ ಹೊರಡುವ ಕುಟುಂಬಗಳು ಈಗ ಮಲೆನಾಡಿನ ರಸ್ತೆಯಲ್ಲಿಯೂ ಕಾಣುತ್ತವೆ. ಹೆಚ್ಚಿನವರು ಜೋಗ ನೋಡಿ, ಆಗುಂಬೆಯಲ್ಲಿ ಸೂರ್ಯಾಸ್ತ ನೋಡಿ, ಇಳಿದು ಹೋಗುತ್ತಾರೆ. ಆದರೆ ಶಿವಮೊಗ್ಗವನ್ನು ನಡುವಿಟ್ಟು ಒಂದು ಸುತ್ತು ಹಾಕಿದರೆ ನಾಲ್ಕು ಶತಮಾನಗಳ ಖಾಲಿ ಊರುಗಳು ಒಂದೇ ದಾರಿಯಲ್ಲಿ ಸಿಗುತ್ತವೆ. ರಾಜಧಾನಿ ಹೋಗಿ ಖಾಲಿಯಾದದ್ದು, ನೀರು ಬಂದು ಖಾಲಿಯಾದದ್ದು, ಅದಿರು ನಿಂತು ಖಾಲಿಯಾದದ್ದು, ಕಾರ್ಖಾನೆ ಮುಚ್ಚಿ ಖಾಲಿಯಾದದ್ದು. ದೆವ್ವ ಬಂದು ಖಾಲಿ ಮಾಡಿದ ಊರು ಮಾತ್ರ ಒಂದೂ ಇಲ್ಲ. ಎಲ್ಲೋ ಕುಳಿತವರು ತೆಗೆದುಕೊಂಡ ಒಂದೊಂದು ತೀರ್ಮಾನ ಪ್ರತಿಯೊಂದರ ಹಿಂದೆಯೂ ಇದೆ. ನೀರಿನಲ್ಲಿ ಮುಳುಗಿದ ಹಳ್ಳಿಗಳನ್ನು ಬಿಟ್ಟರೆ ಉಳಿದೆಲ್ಲೆಡೆ ಇದ್ದದ್ದು ಒಬ್ಬನೇ ಒಡೆಯ: ಒಬ್ಬ ರಾಜ, ಒಂದು ಗಣಿ, ಒಂದು ಮಿಲ್ಲು. ಓಲ್ಡ್ ಟೌನಿಗೆ ಅಂಥ ಒಡೆಯ ಯಾವತ್ತೂ ಇರಲಿಲ್ಲ. ನದಿ, ಗುಡಿ, ಮಸೀದಿ, ಪೇಟೆ, ಸುತ್ತಲ ಹಳ್ಳಿಗಳ ಭತ್ತ ಮತ್ತು ಅಡಿಕೆ, ಇಷ್ಟೂ ಸೇರಿ ಅದನ್ನು ಸಾಕಿದವು. ಒಂದು ಕೈಕೊಟ್ಟರೆ ಇನ್ನೊಂದು ಇತ್ತು.

ಸುತ್ತು ಭದ್ರಾವತಿಯಿಂದಲೇ ಶುರುವಾಗಲಿ.

ಮೈಸೂರು ಸಂಸ್ಥಾನ 1918ರಲ್ಲಿ ಇಲ್ಲಿ ಮರದ ಭಟ್ಟಿ ಮತ್ತು ಕಬ್ಬಿಣದ ಕಾರ್ಖಾನೆಗೆ ಕೈ ಹಾಕಿತು. ಹತ್ತಿರದಲ್ಲಿ ಕಲ್ಲಿದ್ದಲಿರಲಿಲ್ಲ, ಕಾಡಿತ್ತು. ಮರ ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲಿನಲ್ಲಿ ಕಬ್ಬಿಣ ಕರಗಿಸುವುದು ಯೋಜನೆ. 1923ರ ಜನವರಿ 18ರಂದು ಉತ್ಪಾದನೆ ಆರಂಭವಾಯಿತು. ನಷ್ಟದಲ್ಲಿ ತೊಳಲುತ್ತಿದ್ದ ಕಾರ್ಖಾನೆಯ ಹೊಣೆಯನ್ನು ಅದೇ ವರ್ಷ ಎಂ. ವಿಶ್ವೇಶ್ವರಯ್ಯ ವಹಿಸಿಕೊಂಡು 1929ರವರೆಗೆ ನಡೆಸಿದರು. ಅದಿರು ಬರುತ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ. ಬೆಟ್ಟದ ನೆತ್ತಿಯಿಂದ ರೋಪ್‌ವೇಯ ತೊಟ್ಟಿಲುಗಳಲ್ಲಿ ಇಳಿದು, ಮುಂದೆ ಹಳಿಯ ಮೇಲೆ ಭದ್ರಾವತಿಗೆ. ಜೋಗದ ವಿದ್ಯುತ್ ಬಂದ ಮೇಲೆ ವಿದ್ಯುತ್ ಕುಲುಮೆಗಳೂ ಉರಿದವು. ಈ ಕಾರ್ಖಾನೆಯ ಹೊಗೆ ನೋಡಿ ಗಡಿಯಾರ ಹೊಂದಿಸಿಕೊಂಡ ತಲೆಮಾರು ಈಗಲೂ ಊರಿನಲ್ಲಿದೆ.

ಮುಂದೆ ಅದು ವಿಶ್ವೇಶ್ವರಯ್ಯನವರ ಹೆಸರು ಹೊತ್ತು ವಿಐಎಸ್‌ಎಲ್ ಆಯಿತು, 1998ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರ ಸೈಲ್‌ನಲ್ಲಿ ವಿಲೀನವಾಯಿತು. ಸ್ವಂತ ಗಣಿ ಇಲ್ಲದ್ದು, ಯಂತ್ರಗಳಿಗೆ ಹಣ ಬಾರದ್ದು ಎರಡೂ ಸೇರಿ ಕುತ್ತಿಗೆಗೆ ಬಂದವು. ಉತ್ಪಾದನೆಗೆ ಸರಿಯಾಗಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕುಳಿತರು, ಊರು ಅವರ ಜೊತೆ ನಿಂತಿತು. ಅದೇ ವರ್ಷ ಉಕ್ಕಿನ ಸರಳು ಮಾಡುವ ಬಾರ್ ಮಿಲ್ ಮತ್ತೆ ತಿರುಗಿತು. ನ್ಯೂ ಟೌನನ್ನು ಖಾಲಿ ಊರು ಎಂದು ಯಾರಾದರೂ ಬರೆದರೆ ಅಲ್ಲಿಯವರಿಗೆ ನೋವಾಗುತ್ತದೆ, ನೋವಾಗಬೇಕಾದದ್ದೇ. ಅದು ಇನ್ನೂ ಉಸಿರಿಗಾಗಿ ಹೋರಾಡುತ್ತಿರುವ ಊರು.

ಕಾಗದನಗರಕ್ಕೆ ಆ ಅದೃಷ್ಟ ಸಿಗಲಿಲ್ಲ. ಮೈಸೂರು ಪೇಪರ್ ಮಿಲ್ಸ್ 1936ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹುಟ್ಟಿತು, 1977ರಲ್ಲಿ ಸರ್ಕಾರಿ ಕಂಪನಿಯಾಯಿತು. ಬರೆಯುವ ಕಾಗದದ ಜೊತೆಗೆ ಪತ್ರಿಕೆಗಳ ನ್ಯೂಸ್‌ಪ್ರಿಂಟ್, ಪಕ್ಕದಲ್ಲೇ ಸಕ್ಕರೆ. ಕನ್ನಡಿಗರು ಎಷ್ಟೋ ಭಾನುವಾರ ಓದಿದ ಪುರವಣಿಗಳ ಕಾಗದ ಭದ್ರಾ ನೀರಿನಲ್ಲಿ ನೆಂದು ಬಂದದ್ದು. 2015ರಲ್ಲಿ ಯಂತ್ರಗಳು ನಿಂತವು. ಕೆಲಸಗಾರರು ಸ್ವಯಂ ನಿವೃತ್ತಿ ಪಡೆದು ಒಬ್ಬೊಬ್ಬರಾಗಿ ಹೊರಟರು, ಶಾಲೆಯಲ್ಲಿ ಮಕ್ಕಳು ಕಡಿಮೆಯಾದರು, ಅಂಗಡಿಗಳು ಮುಚ್ಚಿದವು.

ಮಿಲ್ಲು ನಿಂತರೂ ಅದರ ಮರಗಳು ನಿಲ್ಲಲಿಲ್ಲ. 1980ರಲ್ಲಿ ಕಾಗದದ ತಿರುಳಿಗಾಗಿ ಮಲೆನಾಡಿನ ಸಾವಿರಾರು ಹೆಕ್ಟೇರ್ ಅರಣ್ಯ ಭೂಮಿಯನ್ನು 40 ವರ್ಷಗಳ ಗುತ್ತಿಗೆಗೆ ಕಾರ್ಖಾನೆಗೆ ಕೊಡಲಾಗಿತ್ತು. ಭದ್ರಾವತಿಯಿಂದ ತೀರ್ಥಹಳ್ಳಿಯತ್ತ, ಹೊಸನಗರದತ್ತ ಸಾಗುವಾಗ ರಸ್ತೆಯ ಪಕ್ಕ ಒಂದೇ ಅಳತೆಯಲ್ಲಿ, ಒಂದೇ ಎತ್ತರದಲ್ಲಿ ನಿಂತ ಅಕೇಶಿಯಾ ನೆಡುತೋಪುಗಳನ್ನು ನೋಡಿದಾಗ ಇದು ನೆನಪಿರಬೇಕು. ಗುತ್ತಿಗೆ ಮುಗಿದ 2020ರಲ್ಲಿ ಅದನ್ನು ಮುಂದುವರಿಸಲು ಹೊರಟದ್ದಕ್ಕೆ ಮಲೆನಾಡಿನಲ್ಲಿ ದೊಡ್ಡ ವಿರೋಧ ಎದ್ದಿತು. ಹಕ್ಕಿಗೂಡು ಅಪರೂಪವಾದ, ಅಡಿಯಲ್ಲಿ ಗಿಡ ವಿರಳವಾದ ಈ ತೋಪುಗಳೂ ಕಾಗದನಗರದ ಹರವಿನೊಳಗೇ ಬರುತ್ತವೆ.

ಶಿವಮೊಗ್ಗ ದಾಟಿ ಪಶ್ಚಿಮಕ್ಕೆ ಹೋದರೆ ಹೊಸನಗರ, ಅಲ್ಲಿಂದ ಮುಂದೆ ನಗರ. ಹೆಸರು ನಗರ, ಇರುವುದು ಒಂದು ಹಳ್ಳಿ. ಒಂದು ಕಾಲಕ್ಕೆ ಬಿದನೂರು ಎಂಬ ರಾಜಧಾನಿ ಇದು.

ಕೆಳದಿಯ ನಾಯಕರು ರಾಜಧಾನಿಯನ್ನು ಎರಡು ಸಲ ಬದಲಿಸಿದವರು. ಮೊದಲು ಕೆಳದಿ, ಆಮೇಲೆ ಇಕ್ಕೇರಿ. ಎರಡೂ ಸಾಗರದ ಆಸುಪಾಸಿನಲ್ಲಿವೆ. 1623ರಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲ ವಲ್ಲೆ ಇಕ್ಕೇರಿಗೆ ಬಂದಾಗ ಅದು ಗಿಜಿಗುಡುವ ಊರು. ಹದಿನಾರು–ಹದಿನೇಳು ವರ್ಷಗಳಲ್ಲೇ ವೀರಭದ್ರ ನಾಯಕ ಗಂಟುಮೂಟೆ ಕಟ್ಟಿ ಘಟ್ಟದ ಅಂಚಿನ ಬಿದನೂರಿಗೆ ಬಂದ. ಇಕ್ಕೇರಿಯಲ್ಲಿ ಅಘೋರೇಶ್ವರನ ದೊಡ್ಡ ಗುಡಿ ಉಳಿಯಿತು, ಊರು ಉಳಿಯಲಿಲ್ಲ. ಬಿದನೂರು ಶಿವಪ್ಪ ನಾಯಕನ ಕಾಲದಲ್ಲಿ ಬೆಳೆದು, ಚೆನ್ನಮ್ಮನ ಕಾಲದಲ್ಲಿ ಗಟ್ಟಿಯಾಯಿತು. ಕರಾವಳಿಗೆ ಇಳಿಯುವ ಮೆಣಸು, ಅಕ್ಕಿ, ಮೇಲಕ್ಕೆ ಬರುವ ಕುದುರೆ, ಉಪ್ಪು, ಎಲ್ಲದಕ್ಕೂ ಇದೇ ಬಾಗಿಲು.

1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ. ಆಗ ಆಳುತ್ತಿದ್ದವಳು ರಾಣಿ ವೀರಮ್ಮಾಜಿ. ಹೈದರನ ಮುಂದಿನ ಯುದ್ಧಗಳಿಗೆ ಬಂಡವಾಳ ಒದಗಿಸಿದ್ದು ಇಲ್ಲಿ ಸಿಕ್ಕ ಸಂಪತ್ತು ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಊರಿಗೆ ಹೈದರ್‌ನಗರ ಎಂದು ಹೆಸರಿಟ್ಟು ಅಲ್ಲೇ ಟಂಕಸಾಲೆ ನಡೆಸಿದ. ಹೈದರ್ ಹೋಗಿ ನಗರ ಮಾತ್ರ ಉಳಿದದ್ದು ಜನರ ಬಾಯಲ್ಲಿ. 1783ರ ಆರಂಭದಲ್ಲಿ ಇಂಗ್ಲಿಷ್ ಸೇನಾಪತಿ ಮ್ಯಾಥ್ಯೂಸ್ ಊರನ್ನು ವಶಮಾಡಿಕೊಂಡ; ಕೆಲವೇ ತಿಂಗಳಲ್ಲಿ ಟಿಪ್ಪು ಮುತ್ತಿಗೆ ಹಾಕಿ ಮರಳಿ ಪಡೆದ. ಎರಡು ಮುತ್ತಿಗೆಗಳ ನಡುವೆ ಸಿಕ್ಕ ಪೇಟೆ ಮತ್ತೆ ಮೊದಲಿನಂತಾಗಲಿಲ್ಲ.

ಆದರೂ ನಗರ ಸುಮ್ಮನೆ ಕೂರಲಿಲ್ಲ. 1830–31ರಲ್ಲಿ ಕಂದಾಯದ ಹೊರೆ ತಾಳಲಾರದೆ ಈ ಭಾಗದ ರೈತರು ಕೂಟ ಸೇರಿದರು, ಬೂದಿ ಬಸವಪ್ಪ ಎಂಬವನು ಕೆಳದಿಯ ವಾರಸುದಾರ ತಾನೆಂದು ಮುಂದೆ ನಿಂತ. ಆ ನಗರ ದಂಗೆಯನ್ನು ನೆಪ ಮಾಡಿಕೊಂಡೇ 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತ ಕಿತ್ತುಕೊಂಡರು. ಅದು ಮರಳಿದ್ದು 1881ರಲ್ಲಿ. ಐವತ್ತು ವರ್ಷ ಒಂದು ಸಂಸ್ಥಾನದ ಹಣೆಬರಹ ಬದಲಿಸಿದ ಗಲಭೆಯ ಹೆಸರನ್ನು ಹೊತ್ತ ಊರಿನಲ್ಲಿ ಅದನ್ನು ಹೇಳುವ ಒಂದು ಒಳ್ಳೆಯ ಫಲಕವಾದರೂ ಇರಬೇಕಿತ್ತು. ಕೊನೆಯ ಪೆಟ್ಟು ಬಿದ್ದದ್ದು ಕಾಗದದ ಮೇಲೆ: ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ತಾಲ್ಲೂಕು ಕಚೇರಿ ಕಲ್ಲೂರುಕಟ್ಟೆಗೆ ಹೋಯಿತು, ಆ ಊರೇ ಹೊಸನಗರವಾಯಿತು.

ಕೋಟೆ ಮಾತ್ರ ಹಾಗೆಯೇ ನಿಂತಿದೆ. ಕೆರೆಯ ದಡದ ಹೆಬ್ಬಾಗಿಲು ದಾಟಿದರೆ ಜಂಬಿಟ್ಟಿಗೆಯ ಕೆಂಪು ಗೋಡೆ, ದರ್ಬಾರು ಇದ್ದ ಜಗಲಿಯ ಅಡಿಪಾಯ, ಅಕ್ಕ–ತಂಗಿ ಕೊಳ, ಬುರುಜಿನ ಮೇಲೆ ತುಕ್ಕು ಹಿಡಿದ ಫಿರಂಗಿ. ಸಮೀಪದ ದೇವಗಂಗೆಯ ಕೊಳಗಳಲ್ಲಿ ಬೇಸಿಗೆಯಲ್ಲೂ ನೀರು ಇಂಗದು. ಒಂದರಿಂದ ಇನ್ನೊಂದಕ್ಕೆ ಹರಿಯುವ ಆ ಕಲ್ಲಿನ ಜೋಡಣೆ ನೋಡುತ್ತಾ ಒಂದು ಬೆಳಗು ಕಳೆಯಬಹುದು. ಬಸ್ಸಿನಲ್ಲಿ ಬಂದವರಿಗೆ ಮರಳುವ ಬಸ್ಸಿನ ಚಿಂತೆ. ಮನೆಯನ್ನೇ ಹೊತ್ತು ತಂದವರಿಗೆ ಬೆಳಗಿನ ಮಂಜು ಕೆರೆಯಿಂದ ಎದ್ದು ಕೋಟೆ ಕಾಣುವವರೆಗೂ ಕಾಯಲು ಬರುತ್ತದೆ. ಈ ರೀತಿಯ ಪ್ರಯಾಣದ ನಿಜವಾದ ಲಾಭ ಇಲ್ಲಿದೆ.

ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ ಇದೇ ನಾಯಕರ ಬೆಟ್ಟದ ಊರು. ಗದ್ದೆಯ ಬದುವಿನ ಮೇಲೆ ನಡೆದು, ಕಲ್ಲುಹಾಸಿನ ದಾರಿ ಹತ್ತಬೇಕು. ಅರಮನೆಯ ಅಡಿಪಾಯದಲ್ಲಿ ಐದು ಕಣ್ಣಿನ ಕಲ್ಲಿನ ಒಲೆ ನೋಡದೆ ಇಳಿಯಬಾರದು. ಅರಮನೆಯ ಅಡುಗೆಮನೆಯನ್ನು ಅಷ್ಟು ಹತ್ತಿರದಿಂದ ತೋರಿಸುವ ಜಾಗ ಈ ಕಡೆ ಅಪರೂಪ.

ಇನ್ನು ಶರಾವತಿ. ಇಲ್ಲಿ ಖಾಲಿ ಊರುಗಳನ್ನು ಕಣ್ಣಾರೆ ನೋಡುವುದು ಕಷ್ಟ, ಅವು ನೀರಿನಡಿ ಇವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಸಾಗರ, ಹೊಸನಗರ ತಾಲ್ಲೂಕುಗಳ ಕಣಿವೆಗಳಲ್ಲಿದ್ದ ಹಳ್ಳಿಗಳು, ಅಡಿಕೆ ತೋಟಗಳು, ಭತ್ತದ ಗದ್ದೆಗಳು 151 ಟಿಎಂಸಿ ಅಡಿಗೂ ಹೆಚ್ಚು ನೀರಿನ ಕೆಳಗೆ ಹೋದವು. ಮುಳುಗಿದ್ದರಲ್ಲಿ ಇನ್ನೊಂದು ಅಣೆಕಟ್ಟೂ ಇದೆ. ಜೋಗದ ಮೊದಲ ವಿದ್ಯುತ್ ಯೋಜನೆಗಾಗಿ ಮಡೆನೂರಿನಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು 1940ರ ದಶಕದ ಕೊನೆಗೆ ಮುಗಿದಿತ್ತು. ಇಪ್ಪತ್ತು ವರ್ಷ ತುಂಬುವ ಮೊದಲೇ ದೊಡ್ಡ ಅಣೆಕಟ್ಟಿನ ನೀರು ಅದನ್ನು ನುಂಗಿತು. ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ಅದು ಮೇಲೆದ್ದು ಕಾಣುತ್ತದೆ. ಎಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ ಸೈಫನ್‌ಗಳ ದುಂಡು ಬಾಯಿಗಳು ಇನ್ನೂ ಗಟ್ಟಿಯಾಗಿವೆ. ನೀರು ಒಂದು ಮಟ್ಟ ಮುಟ್ಟುತ್ತಿದ್ದಂತೆ ಯಾರೂ ಗೇಟು ಎತ್ತದೆ ತಾನಾಗಿ ಹೊರಕ್ಕೆ ಎಳೆದುಕೊಳ್ಳುವ ವ್ಯವಸ್ಥೆ ಅದು.

ಶರಾವತಿ ಯೋಜನೆಯ ಕಾಲದಲ್ಲಿ ಲೋಕೋಪಯೋಗಿ ಇಲಾಖೆಯಲ್ಲಿದ್ದ ಲೇಖಕ ನಾ. ಡಿಸೋಜ ಈ ಕಥೆಯನ್ನು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಬರೆದರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು. ಡಿಸೋಜ 2025ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗಿ, ಆರು ದಶಕ ಲಾಂಚ್‌ಗೆ ಕಾದ ತುಮರಿ, ಸಿಗಂದೂರಿನ ಜನರಿಗೆ ರಸ್ತೆ ಸಿಕ್ಕಿತು. ಕ್ಯಾರವಾನ್‌ನವರು ಈಗ ಆ ಹಿನ್ನೀರಿನ ಮೇಲೆ ನಿಮಿಷಗಳಲ್ಲಿ ದಾಟುತ್ತಾರೆ. ಕೆಳಗಿರುವುದು ಯಾರ ಅಂಗಳ ಎಂದು ದಡದವರನ್ನು ಕೇಳಿದರೆ ಊರಿನ ಹೆಸರು, ಮನೆತನದ ಹೆಸರು ಎರಡನ್ನೂ ಹೇಳುತ್ತಾರೆ. ಆಗ ಎಬ್ಬಿಸಿ ಕಳಿಸಿದ ಕುಟುಂಬಗಳಲ್ಲಿ ಎಷ್ಟೋ ಮಂದಿ ಕೊಟ್ಟ ಭೂಮಿಯ ಹಕ್ಕುಪತ್ರಕ್ಕಾಗಿ ಇವತ್ತಿಗೂ ಕಚೇರಿ ಅಲೆಯುತ್ತಿದ್ದಾರೆ. ನಾಡಿಗೆಲ್ಲ ದೀಪ ಹಚ್ಚಿದ ಜಾಗವಿದು; ಆ ಸಾಲ ಇನ್ನೂ ತೀರಿಲ್ಲ.

ಸುತ್ತಿನ ದಕ್ಷಿಣದ ತುದಿ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ. ಇರಾನಿನ ಶಾ ದೊರೆಯ ಹಣ ನಂಬಿ 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. 1979ರ ಕ್ರಾಂತಿಯಲ್ಲಿ ಶಾ ಹೋದ, ಗಣಿ ಉಳಿಯಿತು. ಅದಿರನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಇಳಿಸುತ್ತಿದ್ದರು. ಭದ್ರೆಯ ಮೂಲದ ಕಾಡಿನಲ್ಲಿ ಈ ಕೆಲಸ ನಡೆಯಬಾರದೆಂದು ಪರಿಸರದವರು ವರ್ಷಗಟ್ಟಲೆ ಹೋರಾಡಿದರು. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಶಾಲೆ, ಆಸ್ಪತ್ರೆ, ಆಟದ ಮೈದಾನ ಎಲ್ಲವೂ ಇದ್ದ ಟೌನ್‌ಶಿಪ್ ನಿಧಾನವಾಗಿ ಕಾಡಿಗೆ ಮರಳುತ್ತಿದೆ. ಈ ಖಾಲಿತನದ ಬಗ್ಗೆ ದುಃಖಪಡುವುದು ಸುಲಭವಲ್ಲ, ಏಕೆಂದರೆ ಭದ್ರೆ ಈಗ ತಿಳಿಯಾಗಿ ಹರಿಯುತ್ತಾಳೆ. ಅದೇ ನೀರು ಇಳಿದು ಓಲ್ಡ್ ಟೌನಿನ ಮೆಟ್ಟಿಲು ಮುಟ್ಟುತ್ತದೆ.

ಹೋಗುವವರು ಕೆಲವು ಸಂಗತಿ ತಿಳಿದಿರಬೇಕು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ರಸ್ತೆಯಲ್ಲಿ ಚೆಕ್‌ಪೋಸ್ಟಿನಲ್ಲಿ ಹೊತ್ತು ಬರೆಸಿ ಸಾಗಬೇಕು. ಕಾಡಿನ ನಡುವೆ ನಿಲ್ಲಿಸಿ ಒಲೆ ಹಚ್ಚುವಂತಿಲ್ಲ. ಆಗುಂಬೆಯ ತಿರುವುಗಳು ಉದ್ದ ವಾಹನಕ್ಕೆ ಹೇಳಿದ್ದಲ್ಲ, ಮಳೆಗಾಲದಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವೂ ಇರುತ್ತದೆ. ಸ್ವಂತ ವ್ಯಾನನ್ನು ಕ್ಯಾರವಾನ್ ಮಾಡಿಸುವವರು ಆರ್‌ಟಿಒ ಅನುಮತಿ ಪಡೆಯಬೇಕು, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಈ ವಿಷಯದಲ್ಲಿ ಕಟ್ಟುನಿಟ್ಟು. ಶೌಚದ ಟ್ಯಾಂಕನ್ನು ಹಳ್ಳಕ್ಕೆ ಬಿಡುವ ಯೋಚನೆಯನ್ನೂ ಮಾಡಬಾರದು. ಮಲೆನಾಡಿನ ಹಳ್ಳವೆಂದರೆ ಕೆಳಗಿನ ಮನೆಯ ಕುಡಿಯುವ ನೀರು.

ಎಲ್ಲಕ್ಕಿಂತ ಮುಖ್ಯವಾದದ್ದು ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಜ್ವರ ಇದು. ಸತ್ತ ಮಂಗಗಳ ಸುತ್ತ, ಕಾಡಿನ ತರಗೆಲೆಯಲ್ಲಿ ಇರುವ ಉಣುಗುಗಳು ಕಚ್ಚಿ ಹರಡುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ಪ್ರವಾಸಿಗರು ಬರುವ ಕಾಲದಲ್ಲೇ ಅದರ ಹಾವಳಿ. 2018ರ ಕೊನೆ, 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಹಲವರು ಸತ್ತರು. ಪಾಳು ಗೋಡೆ, ತರಗೆಲೆ, ಪೊದೆ, ಮಂಗಗಳ ಗುಂಪು, ಖಾಲಿ ಊರಿನಲ್ಲಿ ಇವೆಲ್ಲ ಒಟ್ಟಿಗೇ ಇರುತ್ತವೆ. ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿ, ಮೈ ಮುಚ್ಚುವ ಬಟ್ಟೆ ತೊಟ್ಟು, ಮರಳಿದ ಕೂಡಲೇ ಬಿಸಿನೀರಿನ ಸ್ನಾನ ಮಾಡುವುದು ಅಲ್ಲಿಯವರ ರೂಢಿ. ಬಂದವರೂ ಅದನ್ನೇ ಪಾಲಿಸಬೇಕು.

ಮತ್ತೆ ಕಾಗದನಗರದ ಮಾತು. ಕ್ಯಾರವಾನ್ ತಂಗುದಾಣಕ್ಕೆ ಬೇಕಾದದ್ದು ಏನು? ಗಟ್ಟಿ ನೆಲ, ಕುಡಿಯುವ ನೀರು, ವಿದ್ಯುತ್ ಸಂಪರ್ಕ, ಒಳಚರಂಡಿ, ರಾತ್ರಿ ಕಾವಲು. ಟೌನ್‌ಶಿಪ್ ಎಂದರೆ ಇಷ್ಟೂ ಮೊದಲೇ ಹಾಕಿಸಿದ ಜಾಗ. ಹೊಸದಾಗಿ ಕಾಡು ಕಡಿದು, ಗುಡ್ಡ ಅಗೆದು ಪಾರ್ಕಿಂಗ್ ಮಾಡುವ ಬದಲು ಕ್ವಾರ್ಟರ್ಸ್‌ಗಳ ಒಂದೆರಡು ಸಾಲನ್ನು ದುರಸ್ತಿ ಮಾಡಿ ವಾಹನಗಳಿಗೆ ತೆರೆಯಬಹುದು. ಮಿಲ್ಲಿನ ಒಂದು ಯಂತ್ರವನ್ನು ತುಕ್ಕು ತೆಗೆದು ನಿಲ್ಲಿಸಿ, ಬಿದಿರು ತಿರುಳಾಗಿ ತಿರುಳು ಹಾಳೆಯಾಗುವ ದಾರಿಯನ್ನು ತೋರಿಸಬಹುದು. ಅದನ್ನು ವಿವರಿಸಬಲ್ಲ ನಿವೃತ್ತ ಕೆಲಸಗಾರರು ಭದ್ರಾವತಿಯ ಬೀದಿಗಳಲ್ಲೇ ಇದ್ದಾರೆ, ಆ ಕೆಲಸಕ್ಕೆ ಸಂಬಳವನ್ನೂ ಕೊಡಬಹುದು. ಬೆಳಿಗ್ಗೆ ತರಕಾರಿಗೆ ಓಲ್ಡ್ ಟೌನಿನ ಪೇಟೆ ಇದೆ. ನಗರ, ಕವಲೇದುರ್ಗ, ಹಿನ್ನೀರು, ಕುದುರೆಮುಖಗಳಿಗೆಲ್ಲ ಇಲ್ಲಿಂದಲೇ ಹೊರಡಬಹುದು. ಕಾರ್ಖಾನೆ ರಾಜ್ಯ ಸರ್ಕಾರದ್ದು, ಪ್ರವಾಸೋದ್ಯಮ ನೀತಿಯೂ ಅದರದ್ದೇ. ಎರಡು ಇಲಾಖೆಗಳು ಒಂದು ಮೇಜಿನ ಸುತ್ತ ಕುಳಿತು ಈ ಕಡತ ತೆರೆಯಲಿ, ಉಳಿದಿರುವ ಛಾವಣಿಗಳು ಇನ್ನೊಂದು ಮಳೆಗಾಲಕ್ಕೆ ಸಿಕ್ಕುವ ಮೊದಲೇ ತೆರೆಯಲಿ.